ಗೌ ಚಿಪ್ ಬಂದರೆ ಸಾಲದು, ಹಸುವಾರು ಹಾಲಿನ ಲೆಕ್ಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ಹೈನುರಾಸುಗಳ ತಳಿ ಸುಧಾರಣೆಯಲ್ಲಿ ಜೀನೋಮಿಕ್ ಮೌಲ್ಯಮಾಪನ ಎಂಬ ಹೊಸ ವಿಧಾನ ಬಂದಿದೆಯೆಂದೂ, ಹುಟ್ಟಿದ ಕರುವಿನ ರಕ್ತವನ್ನೋ ಬಾಲದ ಕೂದಲನ್ನೋ ಪ್ರಯೋಗಾಲಯಕ್ಕೆ ಕಳುಹಿಸಿದರೆ ಅದರ ಮುಂದಿನ ಹಾಲಿನ ಶಕ್ತಿಯನ್ನು ಅಂದಾಜು ಮಾಡಬಹುದೆಂದೂ ತಿಳಿಸುವ ಬರಹಗಳು ಈಚೆಗೆ ಪತ್ರಿಕೆಗಳ ಕೃಷಿ ಪುಟಗಳಲ್ಲಿ ಆಗಾಗ ಬರುತ್ತಿವೆ. 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿಯವರು ಹಸುಗಳಿಗಾಗಿ ‘ಗೌ ಚಿಪ್’ ಮತ್ತು ಎಮ್ಮೆಗಳಿಗಾಗಿ ‘ಮಹಿಷ್ ಚಿಪ್’ ಎಂಬ ದೇಶೀಯ ಜೀನೋಮಿಕ್ ಚಿಪ್‌ಗಳನ್ನು ಬಿಡುಗಡೆ ಮಾಡಿದ ಮೇಲೆ ಈ ಮಾತು ಹಳ್ಳಿಯ ಡೈರಿಯ ಜಗುಲಿಯವರೆಗೂ ಬಂದಿದೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಬಹುಕಾಲ ಕಾರ್ಯದರ್ಶಿಯಾಗಿದ್ದು, ಈಗಲೂ ಮನೆಯ ಕೊಟ್ಟಿಗೆಯಲ್ಲಿ ದನ ಕಟ್ಟಿಕೊಂಡಿರುವ ನನಗೆ ಈ ವಿಷಯದಲ್ಲಿ ಉತ್ಸಾಹವೂ ಇದೆ, ಒಂದು ಆಕ್ಷೇಪವೂ ಇದೆ. ಚಿಪ್ ಒಳ್ಳೆಯದು, ಆದರೆ ಒಂದೊಂದು ಹಸುವಿನ ಹಾಲನ್ನು ಪ್ರತ್ಯೇಕವಾಗಿ ಅಳೆದು ಬರೆದಿಡುವ ಪದ್ಧತಿ ಮಲೆನಾಡಿನ ಕೊಟ್ಟಿಗೆಗಳಲ್ಲಿ ಬೇರೂರುವ ತನಕ ಅದು ನಮ್ಮ ದನಗಳ ಬಗ್ಗೆ ಹೇಳಬಲ್ಲದ್ದು ಬಹಳ ಕಡಿಮೆ.

ಚಿಪ್ ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗೊಂದಲವಿರುವುದೇ ಅಲ್ಲಿ. ಹಸುವಿಗೆ 30 ಜೊತೆ ವರ್ಣತಂತುಗಳಿವೆ. ಅವುಗಳ ಡಿಎನ್‌ಎಯ ಉದ್ದಕ್ಕೂ ಒಂದು ಹಸುವಿಗೂ ಇನ್ನೊಂದಕ್ಕೂ ಒಂದೇ ಅಕ್ಷರದಷ್ಟು ವ್ಯತ್ಯಾಸವಿರುವ ಲಕ್ಷಾಂತರ ಜಾಗಗಳಿದ್ದು, ಅವುಗಳಿಂದ ಆಯ್ದ ಸಾವಿರಾರು ಜಾಗಗಳನ್ನು ಒಂದೇ ಸಲಕ್ಕೆ ಓದುವ ಸಾಧನವೇ ಈ ಚಿಪ್. ಅಮೆರಿಕದಲ್ಲಿ ಮೊದಲು ವ್ಯಾಪಕವಾಗಿ ಬಳಕೆಗೆ ಬಂದ ಚಿಪ್ ಸುಮಾರು 54 ಸಾವಿರ ಗುರುತುಗಳನ್ನು ಓದುತ್ತಿತ್ತು. ಯಾವ ಗುರುತು ಹಾಲು ಹೆಚ್ಚಿಸುತ್ತದೆ, ಯಾವುದು ಫ್ಯಾಟು ಇಳಿಸುತ್ತದೆ, ಯಾವುದು ಗಬ್ಬ ನಿಲ್ಲುವುದಕ್ಕೆ ಅಡ್ಡಿಯಾಗುತ್ತದೆ ಎಂಬುದನ್ನು ಮಾತ್ರ ಅದು ತಾನಾಗಿ ಹೇಳಲಾರದು. ಹಾಲು, ಫ್ಯಾಟು, ಬೆದೆಗೆ ಬಂದ ದಿನ, ಕರು ಹಾಕಿದ ದಿನ ಎಲ್ಲವನ್ನೂ ಬರೆದಿಟ್ಟಿರುವ ಸಾವಿರಾರು ರಾಸುಗಳ ಡಿಎನ್‌ಎಯನ್ನು ಓದಿ, ಆ ಓದನ್ನು ಬರೆದಿಟ್ಟ ಲೆಕ್ಕದೊಂದಿಗೆ ತಾಳೆ ನೋಡಿ, ಒಂದೊಂದು ಗುರುತಿಗೆ ಇಂತಿಷ್ಟು ತೂಕವೆಂದು ಕಂಡುಕೊಂಡ ಮೇಲಷ್ಟೇ ಹೊಸ ಕರುವೊಂದರ ಗುರುತುಗಳನ್ನು ಕೂಡಿಸಿ ಅದರ ತಳಿ ಮೌಲ್ಯವನ್ನು, ಅಂದರೆ ಅದು ತನ್ನ ಸಂತಾನಕ್ಕೆ ದಾಟಿಸಬಲ್ಲ ಗುಣದ ಅಂದಾಜನ್ನು, ಹೇಳಲು ಬರುತ್ತದೆ. ಈ ಲೆಕ್ಕದ ದಾರಿಯನ್ನು ಮ್ಯೂವಿಸೆನ್, ಹೇಯ್ಸ್ ಮತ್ತು ಗೊಡಾರ್ಡ್ ಎಂಬ ಮೂವರು ವಿಜ್ಞಾನಿಗಳು 2001ರಲ್ಲಿ ತೋರಿಸಿಕೊಟ್ಟರು. 2009ರ ಜನವರಿಯಲ್ಲಿ ಅಮೆರಿಕ ಅದನ್ನು ಹೋಲ್‌ಸ್ಟೀನ್ ಮತ್ತು ಜೆರ್ಸಿ ತಳಿಗಳಿಗೆ ಅಧಿಕೃತವಾಗಿ ಜಾರಿಗೆ ತಂದಿತು. ಎಂಟೇ ವರ್ಷದಲ್ಲಿ ಅದು ಸಾಧ್ಯವಾದದ್ದು ಪ್ರಯೋಗಾಲಯದ ಜಾಣ್ಮೆಯಿಂದ ಮಾತ್ರವಲ್ಲ. 1895ರಲ್ಲೇ ಡೆನ್ಮಾರ್ಕಿನ ರೈತರು ಹಸುವಾರು ಹಾಲು ಅಳೆಯುವ ಸಂಘವನ್ನು ಕಟ್ಟಿಕೊಂಡಿದ್ದರು. ಅಮೆರಿಕದಲ್ಲಿಯೂ ಅಂಥ ಸಂಘಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹುಟ್ಟಿಕೊಂಡವು. ಚಿಪ್ ಬರುವ ಹೊತ್ತಿಗೆ ಅಲ್ಲಿ ನೂರು ವರ್ಷದ ಹಾಲಿನ ಪುಸ್ತಕ ಸಿದ್ಧವಾಗಿತ್ತು.

ಹೊಸ ವಿಧಾನದಿಂದ ಉಳಿಯುವುದು ಮುಖ್ಯವಾಗಿ ಕಾಲ. ಹೋರಿ ತಾನು ಹಾಲು ಕೊಡುವ ಪ್ರಾಣಿಯಲ್ಲವಾದ್ದರಿಂದ ಅದರ ಯೋಗ್ಯತೆಯನ್ನು ಅದರ ಹೆಣ್ಣುಮಕ್ಕಳ ಹಾಲಿನಿಂದಲೇ ಅಳೆಯಬೇಕಾಗಿತ್ತು, ಮತ್ತು ಸಂತತಿ ಪರೀಕ್ಷೆ ಎಂದು ಕರೆಯುವ ಆ ಕ್ರಮದಲ್ಲಿ ಅವಸರಕ್ಕೆ ಜಾಗವಿಲ್ಲ. ಒಂದೂವರೆ ಎರಡು ವರ್ಷದ ಹೋರಿಯಿಂದ ವೀರ್ಯ ಸಂಗ್ರಹಿಸಿ ಹಳ್ಳಿಗಳಿಗೆ ಹಂಚಬೇಕು. ಒಂಬತ್ತು ತಿಂಗಳ ಬಳಿಕ ಕರು ಹುಟ್ಟಬೇಕು. ಆ ಕರು ಹೆಣ್ಣಾಗಿ, ಕಡಸಾಗಿ, ನಮ್ಮ ಕಡೆಯ ಸಾಕಣೆಯಲ್ಲಿ ಮೂರು ವರ್ಷವೋ ಇನ್ನೂ ಹೆಚ್ಚೋ ಕಳೆದು ಮೊದಲ ಕರು ಹಾಕಬೇಕು. ಆಮೇಲೆ ಒಂದು ಸೂಲಿನ 305 ದಿನಗಳ ಹಾಲನ್ನು ಬರೆಯಬೇಕು. ಅಷ್ಟರಲ್ಲಿ ಹೋರಿಗೆ ಆರೇಳು ವರ್ಷ ದಾಟಿರುತ್ತದೆ, ಎಷ್ಟೋ ಸಲ ಹೋರಿಯೇ ಇರುವುದಿಲ್ಲ. ಜೀನೋಮಿಕ್ ಲೆಕ್ಕ ಬಂದ ಮೇಲೆ ಅಮೆರಿಕದ ಹೋಲ್‌ಸ್ಟೀನ್ ತಳಿಯಲ್ಲಿ ಹೋರಿಗಳ ತಂದೆಯಾಗುವ ಹೋರಿಗಳ ತಲೆಮಾರಿನ ಅಂತರ, ಅಂದರೆ ಮಗ ಹುಟ್ಟುವಾಗ ತಂದೆಗಿರುವ ವಯಸ್ಸು, ಸುಮಾರು 7 ವರ್ಷದಿಂದ ಎರಡೂವರೆ ವರ್ಷಕ್ಕೂ ಕೆಳಗೆ ಇಳಿಯಿತು. ತಂದೆತಾಯಿಗಳ ಲೆಕ್ಕವೊಂದನ್ನೇ ನೋಡಿ ಎಳೆ ಹೋರಿಯ ಹಾಲಿನ ತಳಿ ಮೌಲ್ಯವನ್ನು ಹೇಳಿದರೆ ಅದರ ವಿಶ್ವಾಸಾರ್ಹತೆ ಶೇ 35–40ರ ಆಸುಪಾಸಿನಲ್ಲಿರುತ್ತಿತ್ತು. ಚಿಪ್‌ನ ಓದನ್ನೂ ಸೇರಿಸಿದಾಗ ಅದು ಶೇ 70ರ ಸುತ್ತಮುತ್ತ ಬಂದಿತು. ಈ ಅಂಕಿಗಳು ಲಕ್ಷಾಂತರ ಹಸುಗಳ ಲೆಕ್ಕ ಬರೆದಿಟ್ಟ ಒಂದು ತಳಿಯವು. ಗುರುತುಗಳಿಗೆ ಅಲ್ಲಿ ಕಂಡುಕೊಂಡ ತೂಕವನ್ನು ಹಾಗೆಯೇ ತಂದು ನಮ್ಮ ಮಿಶ್ರತಳಿಗೋ ದೇಶಿ ತಳಿಗೋ ಹೊಂದಿಸಲು ಬರುವುದಿಲ್ಲ, ಏಕೆಂದರೆ ಚಿಪ್ ಓದುವ ಗುರುತಿಗೂ ಅದರ ಪಕ್ಕದಲ್ಲಿ ಕುಳಿತು ನಿಜವಾಗಿ ಕೆಲಸ ಮಾಡುವ ವಂಶವಾಹಿಗೂ ಇರುವ ನಂಟು ತಳಿಯಿಂದ ತಳಿಗೆ ಬದಲಾಗುತ್ತದೆ. ದೇಶೀಯ ಚಿಪ್ ಮಾಡಿದ್ದು ಸರಿಯಾದ ಹೆಜ್ಜೆಯೆಂದು ನಾನು ಹೇಳುವುದು ಈ ಕಾರಣಕ್ಕೆ. ಅದಕ್ಕೆ ಬೇಕಾದ ಹಾಲಿನ ಲೆಕ್ಕವೂ ದೇಶೀಯವೇ ಆಗಬೇಕೆಂಬುದು ಅದೇ ಕಾರಣದ ಇನ್ನೊಂದು ಮುಖ.

ಅಡಿಕೆ ಬೀಜಕ್ಕೆ ಮರ ಆರಿಸುವಾಗ ನಮ್ಮವರು ತೋರುವ ಎಚ್ಚರವನ್ನು ನೋಡಿ: ಹಲವು ವರ್ಷ ಒಂದೇ ಸಮನೆ ಕೊನೆ ಬಿಟ್ಟ ತಾಯಿಮರವನ್ನು ಗುರುತಿಟ್ಟು, ಅದರಲ್ಲೂ ಚೆನ್ನಾಗಿ ಬಲಿತ ಹಣ್ಣನ್ನೇ ಇಳಿಸಿ, ಸಸಿ ಮಡಿಗೆ ಹಾಕುತ್ತಾರೆ. ಅದೇ ಮನೆಯ ಕೊಟ್ಟಿಗೆಯಲ್ಲಿ ಹಸು ಬೆದೆಗೆ ಬಂದಾಗ ಕರುವಿನ ಅರ್ಧ ರಕ್ತ ಯಾವ ಹೋರಿಯಿಂದ ಬರುತ್ತಿದೆ ಎಂದು ಕೇಳುವವರು ಅಪರೂಪ. ‘ಎಚ್‌ಎಫ್ ಹಾಕಿ’ (ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್) ಅಥವಾ ‘ಜೆರ್ಸಿ ಹಾಕಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೃತಕ ಗರ್ಭಧಾರಣೆ ಮಾಡಲು ಬಂದವರು ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಿಂದ ವೀರ್ಯ ತುಂಬಿದ ಸ್ಟ್ರಾ ಒಂದನ್ನು ಇಕ್ಕಳದಲ್ಲಿ ಎತ್ತಿ, 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ತುದಿ ಕತ್ತರಿಸಿ, ಗನ್ನಿಗೆ ಏರಿಸಿ ಕೆಲಸ ಮುಗಿಸುತ್ತಾರೆ. ಕಾಲು ಮಿಲಿಲೀಟರ್ ಹಿಡಿಯುವ ಆ ಬಣ್ಣದ ನಳಿಗೆಯ ಮೈಮೇಲೆ ವೀರ್ಯ ಕೇಂದ್ರದ ಗುರುತು, ಹೋರಿಯ ತಳಿ, ಹೋರಿಯ ಸಂಖ್ಯೆ, ಸಂಗ್ರಹಿಸಿದ ದಿನಾಂಕ ಎಲ್ಲವೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಕೆಲಸವಾದ ಮೇಲೆ ಅದು ಗೊಬ್ಬರಗುಂಡಿಗೆ ಬೀಳುತ್ತದೆ, ಕರುವಿನ ತಂದೆಯ ವಿಳಾಸವೂ ಅದರೊಂದಿಗೆ ಹೋಗುತ್ತದೆ. ರಾಸುಗಳಿಗೆ 12 ಅಂಕಿಯ ಕಿವಿಯೋಲೆ ಹಾಕಿ, ‘ಭಾರತ್ ಪಶುಧನ್’ ತಂತ್ರಾಂಶದಲ್ಲಿ ಗರ್ಭಧಾರಣೆಯನ್ನೂ ಲಸಿಕೆಯನ್ನೂ ದಾಖಲಿಸುವ ವ್ಯವಸ್ಥೆ ಈಗ ಇದೆ ನಿಜ. ಆದರೆ ಹುಟ್ಟಿದ ಕರುವಿಗೆ ಆಗಲೇ ಓಲೆ ಹಾಕಿ ತಾಯಿಯ ಸಂಖ್ಯೆಗೂ ಹೋರಿಯ ಸಂಖ್ಯೆಗೂ ಜೋಡಿಸದಿದ್ದರೆ ಆ ದಾಖಲೆ ಅಲ್ಲಿಗೇ ತುಂಡಾಗುತ್ತದೆ. ಬ್ಯಾಣಕ್ಕೆ ಮೇಯಲು ಹೋದ ದನದ ಓಲೆ ಲಂಟಾನದ ಪೊದೆಗೆ ಸಿಕ್ಕಿ ಕಿವಿ ಹರಿದು ಬೀಳುವುದೂ, ಮತ್ತೆ ಹಾಕುವಾಗ ಹಳೆಯ ಸಂಖ್ಯೆಯನ್ನು ಯಾರೂ ಹುಡುಕದೆ ಹೊಸ ಸಂಖ್ಯೆಯಲ್ಲಿ ಹೊಸ ಹಸುವಾಗಿ ನೋಂದಾಯಿಸುವುದೂ ಮಲೆನಾಡಿನಲ್ಲಿ ಕಷ್ಟಪಟ್ಟು ಹುಡುಕಬೇಕಾದ ಸಂಗತಿಯೇನಲ್ಲ.

ಹಾಲಿನ ಲೆಕ್ಕ ನಮ್ಮಲ್ಲಿ ಇಲ್ಲವೇ, ಸಂಘದಲ್ಲಿ ದಿನಕ್ಕೆರಡು ಬಾರಿ ಅಳೆಯುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಸಂಘದಲ್ಲಿ ಅಳೆಯುವುದು ಸದಸ್ಯನ ಹಾಲನ್ನು, ಹಸುವಿನ ಹಾಲನ್ನಲ್ಲ. ಎರಡು ಹಸುಗಳಿರುವ ಮನೆಯಲ್ಲಿ ಹೊತ್ತಿಗೆ ಐದು ಲೀಟರ್ ಕೊಡುವ ಎಚ್‌ಎಫ್ ಮಿಶ್ರತಳಿಯ ತೆಳು ಹಾಲನ್ನೂ, ಎರಡು ಲೀಟರ್ ಕೊಡುವ ಜೆರ್ಸಿ ಮಿಶ್ರತಳಿಯ ಗಟ್ಟಿ ಹಾಲನ್ನೂ ಒಂದೇ ಕ್ಯಾನಿಗೆ ಸುರಿದು, ಮನೆಗೆಂದು ಒಂದು ಲೀಟರ್ ತೆಗೆದಿಟ್ಟು, ಉಳಿದದ್ದನ್ನು ಡೈರಿಗೆ ತರುತ್ತಾರೆ. ಯಂತ್ರದಿಂದ ಹೊರಬರುವ ಚೀಟಿಯಲ್ಲಿ ಆರು ಲೀಟರ್, ಒಂದು ಫ್ಯಾಟು, ಒಂದು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಂದಿರುತ್ತದೆ. ಹಣ ಪಾವತಿಗೆ ಅಷ್ಟು ಸಾಕು. ತಳಿ ಲೆಕ್ಕಕ್ಕೆ ಆ ಚೀಟಿಯಿಂದ ಏನೂ ದಕ್ಕುವುದಿಲ್ಲ. ಎರಡರಲ್ಲಿ ಒಂದು ಹಸು ಬತ್ತಿದ ದಿನ ಸದಸ್ಯನ ಹಾಲು ಕಡಿಮೆಯಾಯಿತೆಂದು ಮಾತ್ರ ಕಾಣುತ್ತದೆ, ಕರುವಿಗೆ ಬಿಟ್ಟ ಹಾಲು ಎಲ್ಲಿಯೂ ಕಾಣುವುದಿಲ್ಲ. ವರ್ಷಗಟ್ಟಲೆ ಈ ಚೀಟಿಗಳನ್ನು ಬರೆದವನಾಗಿ ಹೇಳುತ್ತೇನೆ: ಒಂದು ಸಂಘದ ಹತ್ತು ವರ್ಷದ ಖಾತೆಗಳನ್ನೆಲ್ಲ ಗಣಕಯಂತ್ರಕ್ಕೆ ತುಂಬಿದರೂ ಊರಿನ ಅತ್ಯುತ್ತಮ ಹಸು ಯಾವುದೆಂಬ ಒಂದು ಪ್ರಶ್ನೆಗೆ ಅವುಗಳಿಂದ ಉತ್ತರ ಬರುವುದಿಲ್ಲ.

ಹಸುವಾರು ಲೆಕ್ಕವೆಂದರೆ ದಿನವೂ ಅಳೆಯಬೇಕೆಂದೇನೂ ಅಲ್ಲ. ತಿಂಗಳಿಗೆ ಒಂದು ದಿನ, ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು, ತರಬೇತಿ ಪಡೆದ ಊರಿನವರೊಬ್ಬರು ಕೊಟ್ಟಿಗೆಗೆ ಬಂದು, ಕರೆದ ಹಾಲನ್ನು ಹಸುವಾರು ತೂಗಿ, ಚಿಕ್ಕ ಬಾಟಲಿಯಲ್ಲಿ ಫ್ಯಾಟು ಪರೀಕ್ಷೆಗೆ ಮಾದರಿ ತೆಗೆದುಕೊಂಡು, ಕಿವಿಯೋಲೆಯ ಸಂಖ್ಯೆಯ ಎದುರು ಬರೆದುಕೊಂಡರೆ ಸಾಕು. ಒಂದು ಸೂಲಿನಲ್ಲಿ ಹೀಗೆ ಸಿಗುವ ಹತ್ತು ಹನ್ನೊಂದು ಅಳತೆಗಳಿಂದ 305 ದಿನದ ಹಾಲನ್ನು ತಕ್ಕಮಟ್ಟಿಗೆ ನಂಬುವಂತೆ ಲೆಕ್ಕ ಹಾಕಲು ಬರುತ್ತದೆ. ಇದು ದೊಡ್ಡ ಫಾರ್ಮುಗಳಿಗೆ ಮಾತ್ರ ಸಾಧ್ಯವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಕ್ಕದ ಕೇರಳ ನಮ್ಮಷ್ಟೇ ಮಳೆ ಸುರಿಯುವ, ನಮ್ಮಷ್ಟೇ ಗುಡ್ಡಗಾಡಿನ ನಾಡು. ಅಲ್ಲಿಯೂ ಮನೆಗೊಂದೋ ಎರಡೋ ಹಸು. 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಇಂಡೋ-ಸ್ವಿಸ್ ಯೋಜನೆಯಿಂದ ಸುನಂದಿನಿ ಎಂಬ ಮಿಶ್ರತಳಿಯನ್ನು ರೂಪಿಸಿದ ಆ ರಾಜ್ಯ, 1970ರ ದಶಕದಿಂದಲೇ ರೈತರ ಮನೆಗಳಲ್ಲಿ ಹಾಲು ಅಳೆಸಿ, ಹೋರಿಗಳ ಸಂತತಿ ಪರೀಕ್ಷೆಯನ್ನು ಹಳ್ಳಿಗಳಲ್ಲಿಯೇ ನಡೆಸಿಕೊಂಡು ಬಂದಿದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ನೆರವಿನಲ್ಲಿ ಗುಜರಾತಿನ ಸಹಕಾರಿ ಒಕ್ಕೂಟಗಳೂ ಸದಸ್ಯರ ಮನೆಬಾಗಿಲಿನಲ್ಲಿ ಇದೇ ಕೆಲಸ ಮಾಡಿವೆ. ನಮ್ಮಲ್ಲಿ ಸಂಘಗಳಿವೆ, ಸಂಘದಲ್ಲಿ ಹಾಲು ಪರೀಕ್ಷಿಸಲು ಬಲ್ಲ ಹುಡುಗ ಹುಡುಗಿಯರಿದ್ದಾರೆ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಮಾಚೇನಹಳ್ಳಿಯಲ್ಲಿ ಡೈರಿ ಇದೆ. ಇಲ್ಲದಿರುವುದು ತಿಂಗಳಿಗೊಮ್ಮೆ ಅಳೆಯಲು ಬರುವವರಿಗೆ ಸಂಬಳ ಕೊಡುವ ನಿರ್ಧಾರ.

ಏನನ್ನು ಅಳೆಯಬೇಕು ಎಂಬುದು ಅಳೆಯುವುದರಷ್ಟೇ ಮುಖ್ಯ, ಮತ್ತು ಮಲೆನಾಡಿನವರು ಇಲ್ಲಿ ತಮ್ಮ ಮಾತನ್ನು ಗಟ್ಟಿಯಾಗಿ ಆಡಬೇಕಾಗಿದೆ. ಹಾಲಿನ ಪ್ರಮಾಣದಲ್ಲಿ ಹಸುಗಳ ನಡುವೆ ಕಾಣುವ ವ್ಯತ್ಯಾಸದ ಸುಮಾರು ಕಾಲು ಭಾಗಕ್ಕೆ ಮಾತ್ರ ವಂಶಗುಣ ಕಾರಣ. ಉಳಿದದ್ದು ಮೇವು, ಹಿಂಡಿ, ಆರೈಕೆ, ಋತುಮಾನದ ಫಲ. ಗಬ್ಬ ನಿಲ್ಲುವ ಗುಣದಲ್ಲಿ ವಂಶದ ಪಾಲು ಶೇ 5ನ್ನೂ ಮುಟ್ಟುವುದು ಕಷ್ಟ. ಹಾಲನ್ನೊಂದೇ ಹಿಡಿದು ಆರಿಸುತ್ತಾ ಹೋದರೆ ಗಬ್ಬ ನಿಲ್ಲುವ ಗುಣ ಮೆಲ್ಲಗೆ ಕುಗ್ಗುತ್ತದೆ ಎಂಬುದನ್ನು ಹಾಲಿನಲ್ಲಿ ಮುಂದುವರಿದ ದೇಶಗಳೇ ಪೆಟ್ಟು ತಿಂದು ಕಲಿತಿವೆ. ರೈತರದೇ ಸಹಕಾರಿ ಸಂಸ್ಥೆಯ ಕೈಯಲ್ಲಿರುವ ನಾರ್ವೆಯ ಕೆಂಪು ತಳಿಯಲ್ಲಿ 1970ರ ದಶಕದಿಂದಲೇ ಆರೋಗ್ಯವನ್ನೂ ಗರ್ಭಧಾರಣೆಯ ಗುಣವನ್ನೂ ಆಯ್ಕೆಯ ಲೆಕ್ಕಕ್ಕೆ ಸೇರಿಸಿದರು. ಇಂದು ಆ ತಳಿಗೆ ಹೆಸರಿರುವುದು ಕೆಚ್ಚಲುಬಾವು ಕಡಿಮೆ ಮತ್ತು ಗಬ್ಬ ಬೇಗ ನಿಲ್ಲುತ್ತದೆ ಎಂಬ ಕಾರಣಕ್ಕೆ. ವಂಶದ ಪಾಲು ಇಷ್ಟು ಸಣ್ಣದಾಗಿರುವ ಗುಣಗಳನ್ನು ಒಂದೆರಡು ಹಸುಗಳನ್ನು ನೋಡಿ ಹಿಡಿಯಲಾಗುವುದಿಲ್ಲ. ಸಾವಿರಾರು ರಾಸುಗಳ ಲೆಕ್ಕವೂ ಚಿಪ್ಪೂ ಒಟ್ಟಿಗೆ ಬೇಕಾಗುವುದು ನಿಜವಾಗಿ ಇಂಥಲ್ಲಿ. ನಮ್ಮ ಕೊಟ್ಟಿಗೆಗಳನ್ನು ಖಾಲಿ ಮಾಡಿಸುತ್ತಿರುವುದೂ ಹಾಲಿನ ಕೊರತೆಗಿಂತ ಹೆಚ್ಚಾಗಿ ಮೂರು ನಾಲ್ಕು ಬಾರಿ ಇಂಜೆಕ್ಷನ್ (ಕೃತಕ ಗರ್ಭಧಾರಣೆಗೆ ಹಳ್ಳಿಯ ಮಾತು) ಹಾಕಿಸಿದರೂ ಗಬ್ಬ ನಿಲ್ಲದ ಹಸುಗಳೇ.

ಮಳೆಯ ವಿಷಯವೂ ಇದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯ ನೆಲ ಒಣಗುವುದೇ ಇಲ್ಲ. ಸೊಪ್ಪು, ದರಕು ಎಷ್ಟು ಹಾಸಿದರೂ ಗೊರಸು ನೆನೆದು ಮೆತ್ತಗಾಗುತ್ತದೆ. ಮಳೆ ನಿಂತ ಮೇಲೆ ಉಣುಗಿನ ಕಾಟ ಶುರು. ಉಣುಗಿನಿಂದ ಹರಡುವ ಥೈಲೇರಿಯಾ ಜ್ವರ ನಾಡದನಗಳನ್ನು ಹೆಚ್ಚಾಗಿ ಬಾಧಿಸದೆ, ಹೊರತಳಿಯ ರಕ್ತ ಹೆಚ್ಚಿರುವ ಹಸುಗಳನ್ನೇ ಬಲವಾಗಿ ಹಿಡಿಯುತ್ತದೆ. ಪಂಜಾಬಿನ ಬಯಲಿನಲ್ಲೋ ವಿದೇಶದ ತಂಪು ಕೊಟ್ಟಿಗೆಯಲ್ಲೋ ಮೊದಲ ಸ್ಥಾನ ಪಡೆದ ಹೋರಿಯ ಹೆಣ್ಣುಮಕ್ಕಳು, ಬೈಹುಲ್ಲು, ಕರಡ ಮತ್ತು ಎರಡು ಕಿಲೋ ಹಿಂಡಿಯ ಮೇಲೆ ಬದುಕುವ ತೀರ್ಥಹಳ್ಳಿ, ಹೊಸನಗರದ ಕೊಟ್ಟಿಗೆಯಲ್ಲಿ ಅದೇ ಸ್ಥಾನ ಉಳಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಒಂದು ಪರಿಸರದ ಕ್ರಮಾಂಕ ಇನ್ನೊಂದರಲ್ಲಿ ಮೇಲೆಕೆಳಗಾಗುವುದು ತಳಿವಿಜ್ಞಾನದಲ್ಲಿ ಚೆನ್ನಾಗಿ ತಿಳಿದ ಸಂಗತಿ. ಆದ್ದರಿಂದ ಚಿಪ್‌ಗೆ ಅರ್ಥ ಕೊಡುವ ಆಧಾರ ಗುಂಪಿನಲ್ಲಿ ಮಲೆನಾಡಿನ ಹಸುಗಳೂ ಇರಬೇಕು, ಹಾಲಿನ ಜೊತೆಗೆ ಜ್ವರ ಬಂದದ್ದು, ಕಾಲು ಕುಂಟಿದ್ದು, ಎಷ್ಟನೆಯ ಇಂಜೆಕ್ಷನ್ನಿಗೆ ಗಬ್ಬ ನಿಂತಿತು, ಎಷ್ಟನೆಯ ಸೂಲಿನವರೆಗೆ ಕೊಟ್ಟಿಗೆಯಲ್ಲಿ ಉಳಿಯಿತು ಎಂಬುದೂ ಬರೆಯಲ್ಪಡಬೇಕು. ಇಲ್ಲವಾದರೆ ಬಯಲುಸೀಮೆಯ ದೊಡ್ಡ ಫಾರ್ಮುಗಳ ಲೆಕ್ಕದಿಂದ ಹುಟ್ಟಿದ ಶ್ರೇಯಾಂಕ ಪಟ್ಟಿಯನ್ನೇ ನಮಗೂ ಕೊಡಲಾಗುತ್ತದೆ.

ಮಿಶ್ರತಳಿಯ ವಿಷಯದಲ್ಲಿ ಚಿಪ್ ಇಂದೇ ಮಾಡಬಹುದಾದ ಒಂದು ಉಪಕಾರವಿದೆ. ನಾಲ್ಕೈದು ತಲೆಮಾರಿನಿಂದ ಒಮ್ಮೆ ಎಚ್‌ಎಫ್, ಒಮ್ಮೆ ಜೆರ್ಸಿ, ಒಮ್ಮೆ ಊರಿನ ಬೀಡಾಡಿ ಹೋರಿ ಎಂದು ಬೆರೆತು ಬಂದ ಹಸುವಿನಲ್ಲಿ ಹೊರತಳಿಯ ರಕ್ತ ಎಷ್ಟಿದೆಯೆಂದು ಬಣ್ಣ, ಕೊಂಬು ನೋಡಿ ಹೇಳಲು ಯಾರಿಗೂ ಬರುವುದಿಲ್ಲ. ಚಿಪ್ ಹೇಳಬಲ್ಲದು. ಹೊರತಳಿಯ ಅಂಶ ಈಗಾಗಲೇ ವಿಪರೀತವಾಗಿರುವ ಹಸುವಿಗೆ ಮತ್ತೆ ಶುದ್ಧ ಎಚ್‌ಎಫ್ ಹಾಕುವುದನ್ನು ತಪ್ಪಿಸಲು ಅಷ್ಟು ತಿಳಿದರೆ ಸಾಕು. ಸುಮಾರು ಶೇ 90ರಷ್ಟು ಹೆಣ್ಣುಕರುವೇ ಹುಟ್ಟುವ ಲಿಂಗ ನಿರ್ಧಾರಿತ ವೀರ್ಯ ಈಗ ಹಳ್ಳಿಗಳಿಗೂ ಬರುತ್ತಿರುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಯೋಗ್ಯತೆ ತಿಳಿಯದ ಹೋರಿಯ ವೀರ್ಯವನ್ನು ಎಷ್ಟು ಜಾಣತನದಿಂದ ಬೇರ್ಪಡಿಸಿದರೂ ಹೆಚ್ಚುವುದು ಹೆಣ್ಣುಕರುಗಳ ಸಂಖ್ಯೆ ಮಾತ್ರ, ಹಾಲಲ್ಲ.

ಇನ್ನೊಂದು ಅಪಾಯವನ್ನು ಉತ್ಸಾಹದ ವರದಿಗಳು ಮುಟ್ಟುವುದಿಲ್ಲ. ಒಳ್ಳೆಯ ಹೋರಿಯನ್ನು ಬೇಗ ಗುರುತಿಸಲು ಬಂದಷ್ಟೂ ಎಲ್ಲರೂ ಅದೇ ನಾಲ್ಕಾರು ಹೋರಿಗಳ ಹಿಂದೆ ಬೀಳುತ್ತಾರೆ, ಮತ್ತು ತಲೆಮಾರುಗಳು ಬೇಗ ಬೇಗ ಉರುಳುವುದರಿಂದ ರಕ್ತಸಂಬಂಧವೂ ಬೇಗನೆ ಗಾಢವಾಗುತ್ತದೆ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾನಿ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಯ ಕಥೆ ಇದಕ್ಕೆ ಸಾಕ್ಷಿ. ಹಾಲಿನ ಗುಣದಲ್ಲಿ ಅಸಾಧಾರಣವಾಗಿದ್ದ ಅದರ ಸಂತಾನ ಎಷ್ಟು ಹರಡಿತೆಂದರೆ ಇಂದಿನ ಅಮೆರಿಕದ ಹೋಲ್‌ಸ್ಟೀನ್ ಹಸುಗಳ ವಂಶವಾಹಿಗಳಲ್ಲಿ ಸುಮಾರು ಶೇ 14 ಭಾಗ ಅದೊಂದೇ ಹೋರಿಯದೆಂದು ಲೆಕ್ಕ ಹಾಕಿದ್ದಾರೆ. ಅದರ ಒಂದು ವಂಶವಾಹಿಯಲ್ಲಿ ದೋಷವಿತ್ತು. ತಂದೆತಾಯಿ ಇಬ್ಬರಿಂದಲೂ ಆ ದೋಷ ಬಂದ ಭ್ರೂಣ ಹೊಟ್ಟೆಯಲ್ಲೇ ಸಾಯುತ್ತಿತ್ತು. ದಶಕಗಳ ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ರೈತನಿಗೆ ಕಾಣುತ್ತಿದ್ದದ್ದು ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದ ಹಸು ಮಾತ್ರ. ಸಾವಿರಾರು ರಾಸುಗಳ ಚಿಪ್ ಓದುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವರ್ಣತಂತುವಿನ ಒಂದು ತುಣುಕು ಎರಡೂ ಕಡೆಯಿಂದ ಬಂದಿರುವ ಒಂದೇ ಒಂದು ಜೀವಂತ ಪ್ರಾಣಿಯೂ ಇಲ್ಲವೆಂಬುದು 2011ರಲ್ಲಿ ಬೆಳಕಿಗೆ ಬಂತು. ಜಗತ್ತಿನಾದ್ಯಂತ 5 ಲಕ್ಷಕ್ಕೂ ಹೆಚ್ಚು ಗರ್ಭ ಹೀಗೆ ಕಳೆದುಹೋಯಿತೆಂದು ಅಂದಾಜು. ರೋಗವನ್ನು ಹಿಡಿದುಕೊಟ್ಟದ್ದು ಚಿಪ್ಪೇ ಎಂಬುದನ್ನು ಒಪ್ಪಲೇಬೇಕು. ಆದರೆ ಜಿಲ್ಲೆಯ ಹಸುಗಳಿಗೆಲ್ಲ ಬೆರಳೆಣಿಕೆಯ ಹೋರಿಗಳ ವೀರ್ಯವೇ ಬರುತ್ತಿದ್ದು, ಯಾವ ಕರುವಿನ ತಂದೆ ಯಾರೆಂಬುದೂ ತಿಳಿಯದಿದ್ದರೆ, ಹೋರಿಗಳಿಗಷ್ಟೇ ಚಿಪ್ ಪರೀಕ್ಷೆ ಮಾಡಿಸಿ ಮಗಳಿಗೆ ತಂದೆಯದೇ ಸ್ಟ್ರಾ ಹಾಕುವುದನ್ನು ತಡೆಯಲಾಗದು.

ಮಲೆನಾಡು ಗಿಡ್ಡದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಪ್ರತ್ಯೇಕ ತಳಿಯೆಂದು ನೋಂದಾಯಿಸಿರುವ ಈ ಕುಳ್ಳು ದನಗಳು ಗುಡ್ಡ ಹತ್ತಿ ಮೇಯ್ದು, ಮಳೆಯಲ್ಲಿ ನೆನೆದು, ದಿನಕ್ಕೆ ಒಂದೆರಡು ಲೀಟರ್ ಹಾಲನ್ನೂ ಬುಟ್ಟಿಗಟ್ಟಲೆ ಗೊಬ್ಬರವನ್ನೂ ಕೊಟ್ಟು ಅಡಿಕೆ ತೋಟಗಳನ್ನು ಸಾಕಿವೆ. ಜೀನೋಮಿಕ್ ಆಯ್ಕೆಯಿಂದ ಗಿಡ್ಡದ ಹಾಲನ್ನೂ ಐದಾರು ಲೀಟರಿಗೆ ಏರಿಸಬಹುದೆಂದು ಸಭೆಗಳಲ್ಲಿ ಉತ್ಸಾಹದಿಂದ ಹೇಳುವವರಿದ್ದಾರೆ. ನನಗೆ ಇದು ಬೇಡದ ಆಸೆಯಾಗಿ ಕಾಣುತ್ತದೆ. ಅಷ್ಟು ಹಾಲಿಗೆ ಬೇಕಾದ ದೊಡ್ಡ ಮೈ, ದೊಡ್ಡ ಹಸಿವು ಬಂದ ಮೇಲೆ ಅದು ಕಾಡಂಚಿನ ಹುಲ್ಲಿನಲ್ಲಿ ಬದುಕುವ ಗಿಡ್ಡವಾಗಿ ಉಳಿಯುವುದಿಲ್ಲ, ಮತ್ತು ಆ ಕೆಲಸಕ್ಕೆ ಮಿಶ್ರತಳಿ ಈಗಾಗಲೇ ಇದೆ. ಗಿಡ್ಡಕ್ಕೆ ಚಿಪ್ ಉಪಯೋಗವಾಗುವುದು ಬೇರೆ ರೀತಿಯಲ್ಲಿ. ಮೇಯಲು ಬಿಟ್ಟ ಮಂದೆಯಲ್ಲಿ ಯಾವ ಕರುವಿಗೆ ಯಾವ ಹೋರಿ ತಂದೆಯೆಂಬುದು ತಿಳಿಯುವುದಿಲ್ಲ. ವಂಶಾವಳಿಯೇ ಇಲ್ಲದ ಇಂಥ ಮಂದೆಯಲ್ಲಿ ಯಾವ ಹೋರಿ ಯಾವುದಕ್ಕೆ ಎಷ್ಟು ಹತ್ತಿರದ ಸಂಬಂಧಿ, ಯಾವುದರಲ್ಲಿ ಜೆರ್ಸಿಯ ರಕ್ತ ನುಸುಳಿದೆ, ಬೇರೆ ಬೇರೆ ತಾಲ್ಲೂಕಿನ ಯಾವ ಹೋರಿಗಳನ್ನು ಉಳಿಸಿಕೊಂಡರೆ ತಳಿಯ ವೈವಿಧ್ಯ ಉಳಿಯುತ್ತದೆ ಎಂಬುದನ್ನು ಡಿಎನ್‌ಎಯಿಂದ ತಿಳಿಯಬಹುದು. ಗಿಡ್ಡ ತಳಿಯನ್ನು ಉಳಿಸುವ ಮಠಗಳು, ಗೋಶಾಲೆಗಳು, ಮನೆತನಗಳು ನಮ್ಮ ಜಿಲ್ಲೆಯಲ್ಲಿವೆ. ಅವರಿಗೆ ಈ ಸೌಲಭ್ಯ ಮೊದಲು ಸಿಗಲಿ.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ಹಾಲು ಅಳೆಯುವವರ ಸಂಬಳ, ಮಾದರಿ ಬಾಟಲಿ, ಕಿವಿಯೋಲೆ, ಚಿಪ್ ಪರೀಕ್ಷೆ ಎಲ್ಲವನ್ನೂ ಎರಡು ಹಸುವಿನ ರೈತನ ತಲೆಯ ಮೇಲೆ ಹೊರಿಸಿದರೆ ಯೋಜನೆ ಮೊದಲ ಮಳೆಗಾಲದಲ್ಲೇ ನಿಲ್ಲುತ್ತದೆ. ಹೋರಿ ಆಯ್ಕೆಯ ಲಾಭ ಇಡೀ ಹಾಲು ಒಕ್ಕೂಟಕ್ಕೂ ರಾಜ್ಯಕ್ಕೂ ಹೋಗುವುದರಿಂದ ಖರ್ಚನ್ನೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಗೋಕುಲ್ ಮಿಷನ್, ರಾಜ್ಯ ಸರ್ಕಾರ ಮತ್ತು ಒಕ್ಕೂಟ ಹಂಚಿಕೊಳ್ಳುವುದು ನ್ಯಾಯ. ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ ಹಾಲಿಗೆ ಸಲ್ಲುತ್ತದೆ. ಲೆಕ್ಕ ಬರೆಸಿಕೊಳ್ಳಲು ಒಪ್ಪುವ ಸದಸ್ಯನಿಗೆ ಹಸುವಿಗೆ ಇಷ್ಟೆಂದು ಸಣ್ಣ ಮೊತ್ತ ಕೊಟ್ಟರೆ, ಅಥವಾ ಜಾನುವಾರು ವಿಮೆಯ ಕಂತಿನಲ್ಲಿ ರಿಯಾಯಿತಿ ಕೊಟ್ಟರೆ, ಬೆಳಿಗ್ಗೆ ಐದು ಗಂಟೆಗೆ ಅಪರಿಚಿತರೊಬ್ಬರು ಕೊಟ್ಟಿಗೆಗೆ ಬಂದು ನಿಲ್ಲುವುದನ್ನು ಮನೆಯವರು ಸಹಿಸಿಕೊಳ್ಳುತ್ತಾರೆ. ಆ ಕೆಲಸಕ್ಕೆ ಊರಿನ ಹೆಣ್ಣುಮಕ್ಕಳನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ನಮ್ಮಲ್ಲಿ ಹಾಲು ಕರೆಯುವವರು ಹೆಚ್ಚಾಗಿ ಅವರೇ. ಬರೆದುಕೊಂಡ ಲೆಕ್ಕ ಮೇಲಕ್ಕೆ ಮಾತ್ರ ಹೋಗದೆ ರೈತನಿಗೂ ಮರಳಿ ಬರಬೇಕು: ನಿಮ್ಮ ಇಂಥ ಓಲೆಯ ಹಸು ಈ ಸೂಲಿನಲ್ಲಿ ಇಷ್ಟು ಹಾಲು, ಇಷ್ಟು ಫ್ಯಾಟು ಕೊಟ್ಟಿದೆ, ಸಂಘದ ಸರಾಸರಿ ಇಷ್ಟು, ಇದರ ಕಡಸನ್ನು ಉಳಿಸಿಕೊಳ್ಳಿ ಎಂಬ ಒಂದು ಕನ್ನಡದ ಹಾಳೆ ಕೈಗೆ ಬಂದರೆ, ಯಾವ ಕಡಸನ್ನು ಮಾರಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ನಿರ್ಧಾರ ದಲ್ಲಾಳಿಯ ಬಾಯಿಂದ ಬಿಡುಗಡೆ ಪಡೆಯುತ್ತದೆ.

ಮಲೆನಾಡಿನ ತಾಲ್ಲೂಕುಗಳಲ್ಲಿ, ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದಲ್ಲಿ, ತಾಲ್ಲೂಕಿಗೆ ಹತ್ತು ಸಂಘಗಳನ್ನಾದರೂ ಆರಿಸಿ, ಹಸುವಾರು ಮಾಸಿಕ ಹಾಲಿನ ಲೆಕ್ಕವನ್ನು ಆರಂಭಿಸುವ ಪ್ರಸ್ತಾವವನ್ನು ಒಕ್ಕೂಟದ ಮುಂದಿನ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಮಂಡಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಅದಕ್ಕೂ ಮೊದಲು, ಖರ್ಚೇ ಇಲ್ಲದ ಒಂದು ಕೆಲಸವನ್ನು ಪಶುಪಾಲನಾ ಇಲಾಖೆಯೂ ಒಕ್ಕೂಟವೂ ಸೇರಿ ಮಾಡಬಹುದು. ಈ ವರ್ಷ ಜಿಲ್ಲೆಗೆ ಯಾವ ಯಾವ ಹೋರಿಗಳ ವೀರ್ಯ ಬಂದಿದೆ, ಅವುಗಳ ಸಂಖ್ಯೆ ಏನು, ತಾಯಿಯ ಹಾಲು ಎಷ್ಟು, ತಳಿ ಮೌಲ್ಯವನ್ನು ಸಂತತಿ ಪರೀಕ್ಷೆಯಿಂದ ಕಂಡುಕೊಂಡದ್ದೇ, ಚಿಪ್‌ನಿಂದಲೇ, ಅಥವಾ ತಾಯಿಯ ಹಾಲನ್ನಷ್ಟೇ ನೋಡಿ ಆರಿಸಿದ್ದೇ ಎಂಬ ಪಟ್ಟಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ, ಪ್ರತಿ ಸಂಘದ ಗೋಡೆಗೂ ಅಂಟಿಸಲಿ; ಇಂಜೆಕ್ಷನ್ ಹಾಕಿದ ದಿನ ಹೋರಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ರೈತನ ಕೈಗೆ ಕೊಡುವುದನ್ನು ಕಡ್ಡಾಯ ಮಾಡಲಿ.

ಇತಿ,
ಹಾಲು ಉತ್ಪಾದಕರ ಸಂಘದ ಮಾಜಿ ಕಾರ್ಯದರ್ಶಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ